ಒಂಟಿ ಕಾಲಲ್ಲಿ ಬ್ಯಾಲೆನ್ಸ್ ಮಾಡುವಾಗ ಪಾದದ ಕೀಲಿನ ಸುತ್ತ ಯಾವ ಸ್ನಾಯುಗಳು ಕೆಲಸ ಮಾಡುತ್ತವೆ?

ಎರಡು ಕಾಲಲ್ಲಿ ಸುಮ್ನೆ ನಿಂತಾಗಲೂ ಮೀನಖಂಡದ ಒಳಪದರದಲ್ಲಿರುವ ಸೋಲಿಯಸ್ ಬಿಗಿಯಾಗೇ ಇರುತ್ತದೆ. ದೇಹದ ಭಾರ ಕೀಲಿಗಿಂತ ಸ್ವಲ್ಪ ಮುಂದೆ ಬೀಳುತ್ತದಲ್ವಾ, ಸೋಲಿಯಸ್ ಹಿಡಿದಿಡದಿದ್ದರೆ ಮುಂದಕ್ಕೆ ವಾಲುತ್ತೇವೆ.

ಒಂದು ಕಾಲು ಎತ್ತಿದರೆ ಕಥೆಯೇ ಬೇರೆ. ಪಾದ ಅಕ್ಕಪಕ್ಕಕ್ಕೂ ಹೊರಳತೊಡಗುತ್ತದೆ. ಬರಿಗಾಲಲ್ಲಿ ನಿಂತು, ಹೊರಗಿನ ಗಿಣ್ಣಿನ ಹಿಂದೆ ಬೆರಳಿಟ್ಟು ನೋಡಲು ಯಾರಿಗಾದರೂ ಹೇಳಿ (ನೀವೇ ಬಗ್ಗಿದರೆ ಬೀಳ್ತೀರಿ!). ಮೊಣಕಾಲಿನ ಕೆಳಗೆ ಕಾಲಿನ ಹೊರಬದಿಯಲ್ಲಿರುವ ಪೆರೋನಿಯಸ್ ಸ್ನಾಯುಗಳ ಹುರಿ (ಸ್ನಾಯುವನ್ನು ಮೂಳೆಗೆ ಜೋಡಿಸುವ ಹಗ್ಗದಂಥ ಭಾಗ) ಬಿಗಿಯಾಗಿ ಸಡಿಲವಾಗುವುದು ಗೊತ್ತಾಗುತ್ತದೆ. ಪಾದ ಒಳಮುಖವಾಗಿ ಮಗುಚದಂತೆ ತಡೆಯುವುದು ಇವೇ. ಕಾಲು ಉಳುಕುವುದೂ ಹೆಚ್ಚಾಗಿ ಆ ದಿಕ್ಕಿನಲ್ಲೇ. ಮುಂಭಾಗದಲ್ಲಿ, ಮೊಣಕಾಲಿನ ಕೆಳಗಿನ ಮುಂಗಾಲ ಮೂಳೆಯ ಪಕ್ಕದ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯು ಆಗಾಗ ಎಳೆಯುತ್ತಿರುತ್ತದೆ. ಅದರ ಹುರಿ ಪಾದದ ಮೇಲೆ ಎದ್ದು ಕಾಣುತ್ತದೆ.

ಕಣ್ಣು ಮುಚ್ಚಿದರೆ, ಅಥವಾ ಫೋಮ್, ವಾಬಲ್ ಬೋರ್ಡ್ (ನಿಂತರೆ ಅತ್ತಿತ್ತ ವಾಲುವ ಹಲಗೆ) ಹತ್ತಿದರೆ ಇವುಗಳ ಕೆಲಸ ಇನ್ನೂ ಜಾಸ್ತಿ.

ಹೊಸಬರು ಮುಂದಿನ, ಹಿಂದಿನ ಸ್ನಾಯುಗಳನ್ನು ಒಟ್ಟಿಗೇ ಬಿಗಿಹಿಡಿದು ಕಾಲನ್ನು ಕೊರಡು ಮಾಡಿಕೊಳ್ಳುತ್ತಾರೆ. ಅಭ್ಯಾಸವಾದಂತೆ ಆ ಬಿಗಿ ಇಳಿಯುತ್ತದೆ. ಹಾಗಾಗಿ ಜಾಸ್ತಿ ನಡುಗಿದಷ್ಟೂ ಜಾಸ್ತಿ ಲಾಭ ಅಂತೇನಿಲ್ಲ. ಕಾಲು ಉಳುಕಿ ಚೇತರಿಸಿಕೊಳ್ಳುತ್ತಿದ್ದರೆ ಗಟ್ಟಿ ನೆಲದ ಮೇಲೆ, ಗೋಡೆ ಕೈಗೆ ಸಿಗುವಂತೆ ನಿಂತು ಶುರುಮಾಡಿ. ಬೋರ್ಡ್ ಆಮೇಲೆ.