ಸಿಯಾಚಿನ್ ಪೋಸ್ಟಿನಲ್ಲಿ ಸಾಮಾನ್ಯ ದಿನ ಎಂಬುದು ಇರುತ್ತದೆಯೇ?

ನಿಮ್ಮ ತಮ್ಮನ ಯೂನಿಟ್ ಸಿಯಾಚಿನ್‌ಗೆ ಹೋಗಿದೆ, ಅವನು ಸದ್ಯದಲ್ಲೇ ಮೇಲಿನ ಪೋಸ್ಟೊಂದಕ್ಕೆ ಹತ್ತುವವನಿದ್ದಾನೆ, ಅಲ್ಲಿ ನಮ್ಮ ನಿಮ್ಮಂತೆ ಉಂಡು, ನಕ್ಕು, ಸುಮ್ಮನೆ ಕೂರುವ ಹೊತ್ತು ಅವನಿಗೆ ಸಿಗುತ್ತದೆಯೇ, ಮನೆಯವರು ಅದಕ್ಕಾಗಿ ಏನಾದರೂ ಮಾಡಬಹುದೇ ಎಂದು ಕೇಳಿದ್ದೀರಿ. ನಾನು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು, ಅಲ್ಲಿನ ಒಂದು ಪೋಸ್ಟಿನಲ್ಲಿ ಅವಧಿ ಮುಗಿಸಿ ಬಂದು, ಈಗ ನಿವೃತ್ತನಾಗಿ ಊರಲ್ಲಿದ್ದೇನೆ. ಅಂಥ ಹೊತ್ತು ಖಂಡಿತ ಸಿಗುತ್ತದೆ. ಆದರೆ ನೀವು ಊಹಿಸಿರುವ ಕಡೆ ಸಿಗುವುದಿಲ್ಲ. ಕಾಲುಚೀಲ ಒಣಗಿಸುವಾಗ, ಬೇಳೆ ಬೆಂದಿಲ್ಲವೆಂದು ಗೊಣಗುವಾಗ ಸಿಗುತ್ತದೆ.

ನಿಮ್ಮ ಪ್ರಶ್ನೆಯ ಹಿಂದಿರುವ ಆತಂಕ ಅರ್ಥವಾಗದೇ ಇಲ್ಲ. 2016ರ ಫೆಬ್ರವರಿಯಲ್ಲಿ ಸೋನಂ ಪೋಸ್ಟಿನ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ತುಕಡಿಯಲ್ಲಿದ್ದ ಹತ್ತು ಮಂದಿ ಹೂತುಹೋದದ್ದನ್ನು, ಆರು ದಿನಗಳ ಬಳಿಕ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಜೀವಂತವಾಗಿ ಸಿಕ್ಕಿ, ಫೆಬ್ರವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನು ನಮ್ಮ ಕಡೆಯ ಯಾವ ಮನೆಯೂ ಮರೆತಿಲ್ಲ. 1984ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ಸಿಯಾಚಿನ್ ಹಿಮನದಿಯನ್ನು ವಶಕ್ಕೆ ತೆಗೆದುಕೊಂಡ ಆಪರೇಷನ್ ಮೇಘದೂತ್ ನಡೆದಂದಿನಿಂದ ಆ ಹಿಮನದಿಯ ಮೇಲೆ ಗುಂಡಿಗಿಂತ ಹವೆಯೇ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿದೆ. ಪಾಕಿಸ್ತಾನದೊಡನೆ ಆದ 2003ರ ಕದನವಿರಾಮದ ನಂತರ ಅಲ್ಲಿನ ದಿನಚರಿಯೆಲ್ಲ ಬಹುಮಟ್ಟಿಗೆ ಚಳಿ ಮತ್ತು ಎತ್ತರದೊಡನೆ ನಡೆಯುವ ವ್ಯವಹಾರವೇ ಆಗಿದೆ. ಇದನ್ನು ಮರೆಮಾಚಿ ನಿಮಗೆ ಸಮಾಧಾನ ಹೇಳುವುದು ನನಗೆ ಇಷ್ಟವಿಲ್ಲ. ತಮ್ಮನಿಗೂ ಇದೆಲ್ಲ ಗೊತ್ತು. ಹಂತಹಂತವಾಗಿ ಎತ್ತರಕ್ಕೆ ಒಗ್ಗಿಸಿ, ಬೇಸ್ ಕ್ಯಾಂಪಿನ ಬ್ಯಾಟಲ್ ಸ್ಕೂಲಿನಲ್ಲಿ ಹಗ್ಗ ಹಿಡಿದು ಹಿಮದ ಮೇಲೆ ನಡೆಯುವುದನ್ನು ಕಲಿಸಿದ ಮೇಲೆಯೇ ಅವನನ್ನು ಕಳಿಸುತ್ತಾರೆ; ಹೊರಡುವ ಮೊದಲು ತಂಡ, ಹಿಮನದಿಯಲ್ಲಿ ಜವಾನರನ್ನು ಕಾಯುತ್ತಾನೆಂದು ನಂಬುವ ಓಪಿ ಬಾಬಾನ ಗುಡಿಯಲ್ಲಿ ವರದಿ ಒಪ್ಪಿಸುತ್ತದೆ, ಇಳಿದು ಬಂದಾಗಲೂ ಅಲ್ಲಿಗೇ ಹೋಗಿ ಬಂದೆವೆಂದು ಹೇಳುತ್ತದೆ.

ಮೇಲೆ ಸುಮಾರು ಮೂರು ತಿಂಗಳ ವಾಸ. ಫೈಬರ್ ಗುಡಿಸಲೊಂದರಲ್ಲಿ ಕೆಲವೇ ಮಂದಿ, ನಡುವೆ ಆರದೆ ಉರಿಯುವ ಸೀಮೆಎಣ್ಣೆ ಸ್ಟೋವ್. ಅದರ ಮಸಿ ಮುಖಕ್ಕೂ ಹಾಸಿಗೆಗೂ ಮೆತ್ತಿಕೊಂಡು, ಉಗುಳಿದರೆ ಕಫವೂ ಕಪ್ಪಾಗಿಯೇ ಬರುತ್ತದೆ. ಹಿಮವನ್ನು ಕರಗಿಸದ ಹೊರತು ನೀರಿಲ್ಲ, ಪಾತ್ರೆ ತುಂಬ ಹಿಮ ಹಾಕಿದರೂ ತಳದಲ್ಲಿ ಒಂದಿಷ್ಟೇ ನೀರು. 19,000 ಅಡಿಯ ಆಸುಪಾಸಿನಲ್ಲಿ ಆ ನೀರೂ ಸುಮಾರು 80 ಡಿಗ್ರಿಗೇ ಕುದಿಯತೊಡಗುವುದರಿಂದ ಪ್ರೆಶರ್ ಕುಕ್ಕರ್ ಇಲ್ಲದಿದ್ದರೆ ಅಕ್ಕಿಯೂ ಬೇಯದು, ಬೇಳೆಯೂ ಬೇಯದು. ಮೊಟ್ಟೆ ಕಲ್ಲಾಗಿರುತ್ತದೆ, ಟೂತ್‌ಪೇಸ್ಟ್ ಟ್ಯೂಬಿನಿಂದ ಹೊರಗೆ ಬರುವುದಿಲ್ಲ. ಸ್ನಾನದ ಮಾತನ್ನು ಕೆಳಗಿಳಿದ ಮೇಲೆ ನೋಡಿಕೊಳ್ಳಬೇಕು.

ಇಂಥ ಜಾಗದಲ್ಲಿ ಮನೆಯ ವಾತಾವರಣ ಹೇಗೆ ಬಂತು ಎಂಬುದಕ್ಕೆ ನನ್ನ ಕೆಲಸದಿಂದಲೇ ಉದಾಹರಣೆ ಕೊಡುತ್ತೇನೆ. ಪ್ರತಿ ಸಂಜೆ ಎಲ್ಲರ ಪಾದಗಳನ್ನೂ ಪರೀಕ್ಷಿಸುವುದು ನನ್ನ ಹೊಣೆಯಾಗಿತ್ತು. ಹಿಮಕಡಿತ ಮೊದಲು ಬೆರಳ ತುದಿಯಲ್ಲಿ ಬಿಳಿಚಿಕೊಂಡು ಕಾಣಿಸಿಕೊಳ್ಳುತ್ತದೆ, ಮರಗಟ್ಟಿರುವುದರಿಂದ ಆ ಬೆರಳಿನ ಒಡೆಯನಿಗೇ ಅದು ತಿಳಿಯುವುದಿಲ್ಲ. ಆದ್ದರಿಂದ ಒಬ್ಬರ ಕಾಲನ್ನು ಇನ್ನೊಬ್ಬರು ನೋಡಲೇಬೇಕು. ಎರಡು ಪದರದ ಕಾಲುಚೀಲ ಬಿಚ್ಚಿ, ಟಾರ್ಚ್ ಹಿಡಿದು, ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಒದ್ದೆಯಿದ್ದರೆ ಒರೆಸಿ ಒಣಗಿದ ಚೀಲ ಹಾಕಿಸುವಷ್ಟರಲ್ಲಿ ಒಬ್ಬೊಬ್ಬನಿಗೂ ಸಾಕಷ್ಟು ಹೊತ್ತು ಹಿಡಿಯುತ್ತಿತ್ತು, ಮತ್ತು ನಮ್ಮ ಪೋಸ್ಟಿನಲ್ಲಿ ನಿಜವಾದ ಮಾತುಕತೆ ನಡೆಯುತ್ತಿದ್ದುದೇ ಆಗ. ಕಾಲನ್ನು ಇನ್ನೊಬ್ಬನ ತೊಡೆಯ ಮೇಲಿಟ್ಟು ಕೂತವನಿಗೆ ಬಿಗುಮಾನ ಉಳಿಯುವುದಿಲ್ಲ. ಅಣ್ಣತಮ್ಮಂದಿರ ಹೊಲದ ಬದುವಿನ ತಕರಾರು, ತಂಗಿಗೆ ಬಂದ ಗಂಡಿನ ಕಡೆಯವರ ಬೇಡಿಕೆ, ರಜೆಯಲ್ಲಿ ಕೊಳ್ಳಬೇಕೆಂದಿರುವ ಬೈಕಿನ ಮೈಲೇಜು ಎಲ್ಲವೂ ಆ ಸ್ಟೋವಿನ ಪಕ್ಕದಲ್ಲಿ, ಒಣಗುತ್ತಿರುವ ಉಣ್ಣೆಯ ವಾಸನೆಯಲ್ಲಿ ಇತ್ಯರ್ಥಕ್ಕೆ ಬರುತ್ತಿದ್ದವು. ಯಾವುದೂ ಇತ್ಯರ್ಥವಾಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಇನ್ನೊಂದು ಲೂಡೋ. ರೇಷನ್ ರಟ್ಟಿನ ಹಿಂಬದಿಯಲ್ಲಿ ಪೆನ್ನಿನಿಂದ ಗೆರೆ ಹಾಕಿದ ಮಣೆ. ಕಾಯಿಗಳಿಗೆ ಇಂಜೆಕ್ಷನ್ ಬಾಟಲಿಗಳ ಬಣ್ಣದ ಮುಚ್ಚಳಗಳನ್ನು ನಾನು ಕೂಡಿಟ್ಟು ಕೊಡುತ್ತಿದ್ದೆ. ಆಟಕ್ಕಿಂತ ಜಗಳವೇ ಜಾಸ್ತಿ, ದಾಳ ಓರೆಯಾಗಿ ನಿಂತಿತು ಎಂದು ಒಬ್ಬ, ನಿಲ್ಲಲಿಲ್ಲ ಎಂದು ಇನ್ನೊಬ್ಬ. ಅಂಥ ಜಗಳ ನಡೆಯುತ್ತಿದ್ದರೆ ನನಗೆ ವೈದ್ಯಕೀಯ ದೃಷ್ಟಿಯಿಂದಲೂ ಸಮಾಧಾನವಿರುತ್ತಿತ್ತು, ಏಕೆಂದರೆ ಎತ್ತರದಲ್ಲಿ ನಿದ್ದೆಯೂ ಹಸಿವೂ ಕೆಟ್ಟು ಮನುಷ್ಯ ಮಂಕಾಗುವುದು ಅಪಾಯದ ಸೂಚನೆ. ಜಗಳಕ್ಕೆ ಬಾರದೆ ಸ್ಲೀಪಿಂಗ್ ಬ್ಯಾಗಿನೊಳಗೆ ಗೋಡೆಗೆ ಮುಖಮಾಡಿ ಮಲಗಿದವನನ್ನು ನಾನು ಮೊದಲು ಎಬ್ಬಿಸಿ ತಲೆನೋವಿದೆಯೇ ಎಂದು ಕೇಳುತ್ತಿದ್ದೆ.

ಟಿವಿಯಲ್ಲಿ ತೋರಿಸುವ ದೀಪಾವಳಿ, ಕುಣಿತ, ಲಡ್ಡು ಹಂಚಿಕೆ ಇವೆಲ್ಲ ಸುಳ್ಳಲ್ಲ, ಬಡಾ ಖಾನಾದಲ್ಲಿ ಸಾಹೇಬರೂ ಜವಾನರೂ ಒಟ್ಟಿಗೆ ಕೂತು ಉಣ್ಣುವುದು ಒಳ್ಳೆಯ ಪದ್ಧತಿಯೇ. ಆದರೆ ನನ್ನ ಅನುಭವದಲ್ಲಿ ಹಬ್ಬದ ದಿನವೇ ಊರು ಹೆಚ್ಚು ನೆನಪಾಗಿ ಜನ ಬೇಗ ಮಲಗುತ್ತಿದ್ದರು.

ಫೋನಿನ ವಿಷಯ ನಿಮಗೆ ಮುಖ್ಯ. ನಾನಿದ್ದಾಗ ಉಪಗ್ರಹ ಫೋನೊಂದೇ ಗತಿ, ಸರದಿಯಲ್ಲಿ ಕೆಲವೇ ನಿಮಿಷ. 2023ರಲ್ಲಿ ಬಿಎಸ್‌ಎನ್‌ಎಲ್ 15,000 ಅಡಿಗೂ ಮೇಲೆ ಟವರ್ ನಿಲ್ಲಿಸಿತು, 2025ರ ಜನವರಿಯಲ್ಲಿ ಜಿಯೋ ಸಂಪರ್ಕವೂ ಹಿಮನದಿಗೆ ತಲುಪಿತು. ನಿಮ್ಮ ತಮ್ಮನಿಗೆ ನಮಗಿಂತ ಹೆಚ್ಚು ಮಾತು ಸಿಗಬಹುದು, ಆದರೂ ಹವೆ ಕೆಟ್ಟರೆ ದಿನಗಟ್ಟಲೆ ಕರೆ ಬಾರದಿರುವುದುಂಟು, ಅದಕ್ಕೆ ಗಾಬರಿಯಾಗಬೇಡಿ. ಕರೆ ಬಂದಾಗ ಹುಷಾರಾಗಿದ್ದೀಯಾ, ಚಳಿ ಜಾಸ್ತಿಯಾ ಎಂದು ಮನೆಯವರೆಲ್ಲ ಸಾಲಾಗಿ ಕೇಳಿದರೆ ಅವನು ಎಲ್ಲರಿಗೂ ಹುಷಾರು ಎಂದು ಹೇಳಿ, ಇಟ್ಟ ಮೇಲೆ ಮಾತಿಲ್ಲದೆ ಕೂರುತ್ತಾನೆ. ನಮ್ಮಲ್ಲಿ ಒಬ್ಬನಿಗೆ ಹೆಂಡತಿ ಬೋರ್‌ವೆಲ್ ಮೋಟಾರು ಸುಟ್ಟುಹೋಗಿದೆ, ರಿಪೇರಿಯವನು ಇವತ್ತು ನಾಳೆ ಎನ್ನುತ್ತಾನೆ ಎಂದು ಫೋನಿನಲ್ಲಿ ರೇಗಿದ್ದಳು. ಅವನು ಆ ರಿಪೇರಿಯವನನ್ನು ಬೈಯುತ್ತ, ಯಾವ ವೈಂಡಿಂಗ್ ಹಾಕಿಸಬೇಕೆಂದು ನಮಗೆಲ್ಲ ವಿವರಿಸುತ್ತ, ಮುಂದಿನ ಸರದಿಯ ತನಕ ಅದೆಷ್ಟು ಚುರುಕಾಗಿದ್ದನೆಂದರೆ ಬಿಟ್ಟಿದ್ದ ಊಟವನ್ನೂ ಸರಿಯಾಗಿ ಮಾಡತೊಡಗಿದ. ಆದ್ದರಿಂದ ಎಮ್ಮೆ ಕರು ಹಾಕಿದ್ದು, ಮಳೆ ತಡವಾದದ್ದು, ಪಕ್ಕದ ಮನೆಯವರೊಡನೆ ಮಾತು ಬಿಟ್ಟದ್ದು ಎಲ್ಲವನ್ನೂ ಹೇಳಿ. ಅವನ ಅಭಿಪ್ರಾಯ ಕೇಳಿ. ದೊಡ್ಡ ಕಾಯಿಲೆ, ಸಾಲದಂಥ ಸುದ್ದಿಯನ್ನು ಮಾತ್ರ ಅವನು ಇಳಿದು ಬರುವ ತನಕ ತಡೆಹಿಡಿಯುವುದು ಮೇಲು ಎಂಬುದು ನನ್ನ ಅಭಿಪ್ರಾಯ, ಇದನ್ನು ಒಪ್ಪದವರೂ ಇದ್ದಾರೆ. ಅವನಿರುವ ಪೋಸ್ಟಿನ ಹೆಸರನ್ನಾಗಲಿ, ಯಾವಾಗ ಎಲ್ಲಿಗೆ ಹೋಗುತ್ತಾನೆಂಬುದನ್ನಾಗಲಿ ಕೇಳಬೇಡಿ.

ಪಾರ್ಸೆಲ್ ಕಳಿಸುವುದಾದರೆ ಅವನು ಕೊಟ್ಟಿರುವ ಎಪಿಒ (ಸೇನಾ ಅಂಚೆ ಕಚೇರಿ) ವಿಳಾಸಕ್ಕೇ ಕಳಿಸಿ. ಕೆಳಗಿನವರೆಗೆ ಬಂದದ್ದು ಮೇಲೆ ಹೋಗಲು ಹೆಲಿಕಾಪ್ಟರಿಗೂ ಹವೆಗೂ ಕಾಯಬೇಕಾಗುವುದರಿಂದ ಬೇಗ ಕೆಡುವ ಸಿಹಿತಿಂಡಿ ಬೇಡ. ಎಣ್ಣೆ ಹೆಚ್ಚಿರುವ ಉಪ್ಪಿನಕಾಯಿ ಗಟ್ಟಿಯಾಗಿ ಚಮಚಕ್ಕೆ ಬರುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಉತ್ತಮ, ನಾಲಿಗೆ ಸತ್ತುಹೋದಂತಿರುವಾಗ ಆ ಖಾರವೇ ನಾಲ್ಕು ತುತ್ತು ಒಳಗಿಳಿಸುತ್ತದೆ. ಗಾಜಿನ ಬಾಟಲಿಯ ಬದಲು ಸಣ್ಣ ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಕಟ್ಟಿ, ಮತ್ತು ಅವನೊಬ್ಬನ ಲೆಕ್ಕಕ್ಕೆ ಕಟ್ಟಬೇಡಿ, ಇಡೀ ಗುಡಿಸಲಿನ ಲೆಕ್ಕಕ್ಕೆ ಕಟ್ಟಿ.