ಗ್ಯಾರೇಜ್ ಮೊದಲೋ, ಐಟಿಐ ಮೊದಲೋ?

ಪ್ರಶ್ನೆ: ನಾನು ಚಿತ್ತಾಪುರ ತಾಲೂಕಿನ ಹುಡುಗ. ಎಸ್ಸೆಸ್ಸೆಲ್ಸಿ ಪಾಸಾಗಿದೆ. ಬೈಕ್ ಮೆಕ್ಯಾನಿಕ್ ಆಗಬೇಕು ಅಂತ ಆಸೆ. ಸೋದರಮಾವನ ಗ್ಯಾರೇಜ್ ಕಲಬುರಗಿಯಲ್ಲಿದೆ. "ಐಟಿಐ ಅಂತ ಎರಡು ವರ್ಷ ಯಾಕೆ ಹಾಳು ಮಾಡ್ತಿ? ನನ್ನ ಹತ್ತಿರ ಬಾ, ಆರು ತಿಂಗಳಲ್ಲಿ ಎಂಜಿನ್ ಬಿಚ್ಚಿ ಕೂಡಿಸೋದು ಕಲಿಸ್ತೀನಿ" ಅಂತಾರೆ. ಅವ್ವ ಐಟಿಐ ಮಾಡು ಅಂತಾಳೆ. ಯಾರ ಮಾತು ಕೇಳಲಿ ಸರ್?

ಉತ್ತರ: ತಮ್ಮಾ, ಮಾವ ಹೇಳಿದ್ದು ಸುಳ್ಳಲ್ಲ. ಮನಸ್ಸಿಟ್ಟು ಕಲಿತರೆ ಆರು ತಿಂಗಳಲ್ಲಿ ಎಂಜಿನ್ ಬಿಚ್ಚಿ ಕೂಡಿಸಬಹುದು. ಆದರೆ ಗಾಡಿ ಯಾಕೆ ಕೆಟ್ಟಿದೆ ಅಂತ ಹುಡುಕುವುದು ಬೇರೆಯೇ ವಿದ್ಯೆ. ಈಗ ಗಿರಾಕಿ ದುಡ್ಡು ಕೊಡುವುದು ಅದಕ್ಕೇ.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕ್‌ಗಳಿಗೆ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂತು. ಅದರ ಜೊತೆಗೆ ಹೆಚ್ಚುಕಮ್ಮಿ ಎಲ್ಲ ಹೊಸ ಬೈಕ್‌ಗಳಲ್ಲೂ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಹೋಗಿ, ಸೆನ್ಸರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್ ಬಂತು. ಸ್ಕ್ರೂ ತಿರುಗಿಸಿ ಕಿವಿಯಿಂದಲೇ ಟ್ಯೂನಿಂಗ್ ಮಾಡುವ ಕಾಲ ಮುಗಿಯುತ್ತಾ ಬಂದಿದೆ. ಸೆನ್ಸರ್ ಅಂದರೇನು, ವೋಲ್ಟ್ ಅಂದರೇನು, ವೈರಿಂಗ್ ನಕ್ಷೆ ಓದುವುದು ಹೇಗೆ, ಇವನ್ನು ಕೂತು ಕಲಿಯಬೇಕು. ಗಿರಾಕಿ ತಲೆ ಮೇಲೆ ನಿಂತಿರುವ ಗ್ಯಾರೇಜಿನಲ್ಲಿ ಇದನ್ನೆಲ್ಲ ಹೇಳಿಕೊಡಲು ಮಾವನಿಗೆ ಪುರುಸೊತ್ತು ಎಲ್ಲಿರುತ್ತದೆ?

ಅದಕ್ಕೇ ನನ್ನ ಸಲಹೆ ಇದು. ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡಿಗೆ ಸೇರಿ. ಅಲ್ಲಿ ಕಾರು, ಲಾರಿ ಪಾಠವೇ ಜಾಸ್ತಿ, ನಿಜ. ಆದರೂ ಎಂಜಿನ್, ಬ್ರೇಕ್, ವೈರಿಂಗ್ ಬುನಾದಿ ಗಟ್ಟಿಯಾಗುತ್ತದೆ. ಸಂಜೆ ಮತ್ತು ರಜೆಯಲ್ಲಿ ಮಾವನ ಗ್ಯಾರೇಜಿಗೆ ಹೋಗಿ ಬೈಕ್ ಮೇಲೆ ಕೈ ಪಳಗಿಸಿ. ಐಟಿಐ ಮುಗಿದ ಮೇಲೆ ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಅಪ್ರೆಂಟಿಸ್ ಆಗಿ. ಕಲಿಕೆಯ ಜೊತೆ ಸ್ಟೈಪೆಂಡ್ ಸಿಗುತ್ತದೆ. ಐಟಿಐ ಸರ್ಟಿಫಿಕೇಟ್ ಇದ್ದರೆ ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಡಿಪೋ ಕೆಲಸಗಳಿಗೂ ಅರ್ಜಿ ಹಾಕಬಹುದು. ಅಲ್ಲಿ ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದವರಿಗೆ ಇರುವ ಮೀಸಲಾತಿ ನಿಮಗಿದೆ. ಅದರ ಅರ್ಹತಾ ಪತ್ರವನ್ನು ಈಗಲೇ ಮಾಡಿಸಿಡಿ.

ಮಾವನ ಹತ್ತಿರ ಹೋದಾಗ ಒಂದು ವಿಷಯ ಗಮನಿಸಿ. ಟ್ಯಾಪೆಟ್ ಸೆಟ್ಟಿಂಗ್ (ಎಂಜಿನ್ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು ಹೊಂದಿಸುವುದು) ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಪಟ್ಟಿ, ಹಾಕಿ ಮಾಡುತ್ತಾರಾ, ಅಂದಾಜಿನಲ್ಲಾ? ಟ್ಯಾಪೆಟ್ ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಸೋರುತ್ತದೆ, ಪಿಕಪ್ ಹೋಗುತ್ತದೆ, ಕೊನೆಗೆ ವಾಲ್ವ್ ಸುಡುತ್ತದೆ. ಈ ಅಳತೆಯನ್ನು ಎಂಜಿನ್ ತಣ್ಣಗಿರುವಾಗಲೇ ತೆಗೆಯಬೇಕು. ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ವಾ, 42 ಡಿಗ್ರಿ ದಾಟುತ್ತದೆ. ಜೇವರ್ಗಿಯಿಂದ ಓಡಿಸಿಕೊಂಡು ಬಂದ ಗಿರಾಕಿ "ಈಗಲೇ ಮಾಡಿಕೊಡಿ" ಅಂದರೆ ಒಪ್ಪಬೇಡಿ. ಗಾಡಿ ಬಿಟ್ಟು ಹೋಗಲು ಹೇಳಿ, ಮರುದಿನ ಬೆಳಿಗ್ಗೆ ಮಾಡಿ. ಗಿರಾಕಿ ಬೇಸರ ಮಾಡಿಕೊಂಡರೂ ಅವರ ಎಂಜಿನ್ ಉಳಿಯುತ್ತದೆ.

ಇನ್ನು ಧೂಳು. ಶಹಾಬಾದ್ ಕಲ್ಲಿನ ಗಣಿ, ವಾಡಿ-ಸೇಡಂ ಸಿಮೆಂಟ್ ಕಾರ್ಖಾನೆಗಳ ಕಡೆ ಓಡಾಡುವ ಗಾಡಿಗಳ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಕಂಪನಿ ಪುಸ್ತಕದ ಕಿಲೋಮೀಟರ್ ಲೆಕ್ಕಕ್ಕೆ ಕಾಯದೆ ಪ್ರತಿ ಸರ್ವಿಸಿನಲ್ಲೂ ಬಿಚ್ಚಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ಶಹಾಪುರದಲ್ಲಿ ಹದಿನೈದು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಓದಿದ್ದು ಏಳನೇ ಕ್ಲಾಸ್. ಹೊಸ ಗಾಡಿ ಬಂದರೆ ಕೈ ಹಚ್ಚಲು ಹೆದರಿಕೆ, ಶೋರೂಮಿಗೆ ಕಳಿಸಿಬಿಡುತ್ತೇನೆ. ಈ ವಯಸ್ಸಿನಲ್ಲಿ ಕಲಿಯಬಹುದೇ?

ಉತ್ತರ: ಖಂಡಿತ ಕಲಿಯಬಹುದು ಅಣ್ಣ. ಪೆಟ್ರೋಲ್ ಎಂಜಿನ್ನಿಗೆ ಇವತ್ತಿಗೂ ಬೇಕಾದ್ದು ಗಾಳಿ, ಪೆಟ್ರೋಲ್, ಕಿಡಿ ಮೂರೇ. ನಿಮ್ಮ ಹದಿನೈದು ವರ್ಷದ ಅನುಭವ ಎಲ್ಲಿಗೂ ಹೋಗಿಲ್ಲ.

ಮೊದಲು ವೋಲ್ಟ್ ಅಳೆಯುವ ಒಂದು ಒಳ್ಳೆಯ ಮಲ್ಟಿಮೀಟರ್ ಕೊಳ್ಳಿ. ಗಾಡಿಯ ದೋಷ ಓದುವ ಸ್ಕ್ಯಾನರ್ ಆಮೇಲೆ ನೋಡೋಣ. ಹೊಸ ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಬ್ಯಾಟರಿ ಅಳೆಯಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ, ಎಂಜಿನ್ ಬಂದ್ ಇದ್ದಾಗ, 12.6 ವೋಲ್ಟ್ ಮೇಲೆ ತೋರಿಸಬೇಕು. ಎಂಜಿನ್ ಓಡುವಾಗ ರೇಸ್ ಕೊಟ್ಟರೆ 13.5ರಿಂದ 14.5ರ ಒಳಗೆ ಇರಬೇಕು. ಬ್ಯಾಟರಿ ಇಳಿದಿದ್ದರೆ ಟ್ಯಾಂಕಿನ ಪೆಟ್ರೋಲ್ ತಳ್ಳುವ ಪಂಪ್, ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್ ಆದ ಇಸಿಯು ಎರಡೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಬ್ಯಾಟರಿ ನೋಡದೆ ಸುಮ್ನೆ ಇಂಜೆಕ್ಟರ್ ಬದಲಾಯಿಸಿ ಗಿರಾಕಿಯ ದುಡ್ಡು ಹಾಳು ಮಾಡುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆಮೇಲೆ ಕೀ ಆನ್ ಮಾಡಿ, ಪಂಪಿನ ಸದ್ದು ಒಂದೆರಡು ಸೆಕೆಂಡ್ ಕೇಳಬೇಕು. ಮೀಟರಿನಲ್ಲಿ ಎಂಜಿನ್ ಲೈಟ್ ನೋಡಿ. ಕೆಲವು ಹೋಂಡಾ ಗಾಡಿಗಳಲ್ಲಿ ಅದು ಮಿನುಗಿಯೇ ದೋಷದ ನಂಬರ್ ಹೇಳುತ್ತದೆ. ಉದ್ದ ಮಿನುಗಿಗೆ ಹತ್ತು, ಗಿಡ್ಡ ಮಿನುಗಿಗೆ ಒಂದು ಅಂತ ಎಣಿಸಬೇಕು. ಕೀ ಆನ್ ಇರುವಾಗ ಮಾತ್ರ ಯಾವ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಕೂಡ ಕೀಳಬೇಡಿ. ಪೆಟ್ರೋಲ್ ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ಅದನ್ನು ಇಳಿಸದೆ ಪೈಪ್ ಬಿಚ್ಚಿದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿ ಬೆಂಕಿ ಹತ್ತಬಹುದು. ಗಿರಾಕಿಗೂ ಒಂದು ಮಾತು ಹೇಳಿ: ಟ್ಯಾಂಕ್ ಒಣಗುವವರೆಗೆ ಓಡಿಸಬೇಡಿ ಅಂತ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿ ಇಡುವುದು ಅದೇ ಪೆಟ್ರೋಲ್.

ಕೆಲಸ ಮಾಡುತ್ತಲೇ ಕಲಿತವರಿಗೆ ಸರ್ಕಾರದ ಕೌಶಲ ಯೋಜನೆಯಲ್ಲಿ ಆರ್‌ಪಿಎಲ್ (ಮೊದಲೇ ಕಲಿತದ್ದಕ್ಕೆ ಮಾನ್ಯತೆ) ಅಂತ ಇದೆ. ನಿಮಗೆ ಬರುವ ಕೆಲಸವನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಯಾದಗಿರಿಯ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಬೀದರ್ ಹತ್ತಿರದ ಹಳ್ಳಿಯವಳು, ವಯಸ್ಸು 20. ಬೈಕ್ ರಿಪೇರಿ ಹುಡುಗಿಯರಿಗೆ ಆಗುತ್ತಾ? ಎಲೆಕ್ಟ್ರಿಕ್ ಸ್ಕೂಟರ್ ಕೆಲಸ ಸುಲಭ ಅಂತಾರೆ, ಹೌದಾ?

ಉತ್ತರ: ಆಗುತ್ತೆ ತಂಗಿ. ಗಾಡಿ ಎತ್ತಲು ರ‍್ಯಾಂಪ್ ಇದೆ, ಬಿಗಿ ನಟ್ಟಿಗೆ ಉದ್ದ ಹಿಡಿಕೆಯ ಪಾನಾ ಇದೆ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಜಿಲ್ಲೆಗೊಂದು ಇರುತ್ತದೆ. ಬ್ಯಾಂಕಿನವರು ನಡೆಸುತ್ತಾರೆ. 18ರಿಂದ 45 ವರ್ಷದವರಿಗೆ ತರಬೇತಿ, ಊಟ, ವಸತಿ ಎಲ್ಲ ಉಚಿತ. ದ್ವಿಚಕ್ರ ವಾಹನ ರಿಪೇರಿಯ ಬ್ಯಾಚ್ ಯಾವಾಗ ಅಂತ ಕೇಳಿ ಹೆಸರು ಬರೆಸಿ. ಬ್ಯಾಚ್ ತುಂಬುವ ಮುಂಚೆ ಹೋಗಿ.

ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಆಯಿಲ್, ಪ್ಲಗ್ ರಗಳೆ ಇಲ್ಲ. ಹಾಗಂತ ಸುಲಭ ಅನ್ನಲಾರೆ. ಅವುಗಳ ಬ್ಯಾಟರಿ ಸಾಮಾನ್ಯವಾಗಿ 48ರಿಂದ 72 ವೋಲ್ಟಿನದು. ಶಾರ್ಟ್ ಆದರೆ ಕ್ಷಣದಲ್ಲಿ ಕಿಡಿ ಹಾರಿ ಕೈ ಸುಡುತ್ತದೆ. ಬಳೆ, ಉಂಗುರ ತೆಗೆದಿಟ್ಟೇ ಕೆಲಸಕ್ಕೆ ಕೂಡಿ. ಬ್ಯಾಟರಿ ಪ್ಯಾಕ್ ಬಿಚ್ಚುವುದಕ್ಕೆ ಬೇರೆ ತರಬೇತಿ ಬೇಕು. ಅಲ್ಲಿಯವರೆಗೆ ಬ್ರೇಕ್, ಟೈರ್, ಸಸ್ಪೆನ್ಷನ್, ವೈರಿಂಗ್ ಕೆಲಸ ಮಾಡಿ, ಪ್ಯಾಕ್ ಮಾತ್ರ ಮುಟ್ಟಬೇಡಿ.