ಒಂದು ಇಂಚಿನ ಪಂಪಿಗೆ ಅರ್ಧ ಇಂಚಿನ ಪೈಪು ಹಾಕಬಹುದಾ?

ಪ್ರಶ್ನೆ: ಡ್ರಮ್ಮಿನಿಂದ ಕ್ಯಾನುಗಳಿಗೆ ನೀರು ತುಂಬಿಸಲು ಚಿಕ್ಕ ಟ್ರಾನ್ಸ್‌ಫರ್ ಪಂಪು ತಂದಿದ್ದೇನೆ. ಅದರ ಎರಡೂ ಬಾಯಿ ಒಂದು ಇಂಚು. ನನ್ನ ಹತ್ತಿರ ಇರುವುದು ಅರ್ಧ ಇಂಚಿನ ಹೋಸ್ ಪೈಪು. ರೆಡ್ಯೂಸರ್ ಹಾಕಿದರೆ ನಡೆಯುತ್ತದಾ? ಮೋಟಾರು ಸುಟ್ಟುಹೋಗುತ್ತದೆ ಎಂದು ಪರಿಚಯದವರೊಬ್ಬರು ಹೆದರಿಸಿದ್ದಾರೆ.

ಉತ್ತರ: ನಡೆಯುತ್ತದೆ, ಆದರೆ ಒಂದು ಕಡೆ ಮಾತ್ರ. ನೀರು ಹೊರಗೆ ಬರುವ ಬಾಯಿಗೆ ಚಿಕ್ಕ ಪೈಪು ಹಾಕಿಕೊಳ್ಳಿ. ನೀರು ಎಳೆಯುವ ಬಾಯಿಯ ತಂಟೆಗೆ ಹೋಗಬೇಡಿ.

ಯಾಕೆ ಅಂದರೆ, ಪಂಪು ನೀರನ್ನು ಎಳೆಯುತ್ತದೆ ಅಂತ ನಾವು ಸುಮ್ನೆ ಹೇಳುತ್ತೇವೆ ಅಷ್ಟೇ. ಅದು ತನ್ನ ಬಾಯಲ್ಲಿ ಒತ್ತಡ ಕಡಿಮೆ ಮಾಡುತ್ತದೆ, ಡ್ರಮ್ಮಿನ ನೀರಿನ ಮೇಲೆ ಕೂತಿರುವ ಗಾಳಿ ನೀರನ್ನು ಒಳಗೆ ತಳ್ಳುತ್ತದೆ. ಆ ಗಾಳಿಯ ತಾಕತ್ತು ಎಷ್ಟೇ ಅಂದರೂ ಸುಮಾರು 10 ಮೀಟರ್ ನೀರಿನ ಎತ್ತರ, ಕೆಲಸಕ್ಕೆ ಸಿಗುವುದು ಆರೇಳು ಮೀಟರ್. ಪೈಪು ಸಣ್ಣದಾದರೆ ಅದೂ ಉಜ್ಜಾಟದಲ್ಲೇ ಕರಗಿಹೋಗುತ್ತದೆ. ಕೊನೆಗೆ ಪಂಪಿನ ಬಾಯಲ್ಲಿ ಒತ್ತಡ ಎಷ್ಟು ಇಳಿಯುತ್ತದೆ ಅಂದರೆ, ತಣ್ಣಗಿನ ನೀರೇ ಅಲ್ಲಿ ಕುದಿದು ಗುಳ್ಳೆಯಾಗುತ್ತದೆ, ಆ ಗುಳ್ಳೆಗಳು ಇಂಪೆಲ್ಲರ್ (ಒಳಗೆ ತಿರುಗಿ ನೀರು ತಳ್ಳುವ ಚಕ್ರ) ಹತ್ತಿರ ಪಟಪಟ ಒಡೆಯುತ್ತವೆ. ನಾನೂ ಒಮ್ಮೆ ಎರಡೂ ಕಡೆ ಅರ್ಧ ಇಂಚು ಹಾಕಿ ಜಾಣತನ ಮಾಡಿದ್ದೆ. ಪಂಪಿನೊಳಗೆ ಯಾರೋ ಜಲ್ಲಿ ಹಾಕಿ ಅಲ್ಲಾಡಿಸುತ್ತಿರುವ ಸದ್ದು! ಆ ಸದ್ದು ಕೇಳಿದರೆ ತಕ್ಷಣ ಆಫ್ ಮಾಡಿ, ಇಂಪೆಲ್ಲರ್ ತೂತು ಬೀಳುತ್ತದೆ.

ಆದ್ದರಿಂದ ಎಳೆಯುವ ಕಡೆಗೆ ಒಂದು ಇಂಚಿನದೇ ಪೈಪು, ಅದೂ ಗಟ್ಟಿ ಗೋಡೆಯದು ತನ್ನಿ. ಮೆತ್ತಗಿನ ಪೈಪು ಎಳೆತಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ.

ಹೊರಗಿನ ಕಡೆ ಲೆಕ್ಕ ಬೇರೆ. ಒಳ ಅಗಲ ಅರ್ಧವಾದರೆ ನೀರು ಹೋಗುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ. ಅಷ್ಟೇ ನೀರು ಹೋಗಬೇಕು ಅಂದರೆ ಒತ್ತಡದ ನಷ್ಟ ಸುಮಾರು 32 ಪಟ್ಟು. ಹಾಗಾಗಿ ಪಂಪಿನ ಡಬ್ಬದ ಮೇಲೆ ಬರೆದಷ್ಟು ನೀರು ಬರುವುದಿಲ್ಲ. ಹೊರಗಿನ ಪೈಪು ಉದ್ದವಾಗಿದ್ದರೆ ಅದನ್ನೂ ಒಂದು ಇಂಚಿನದೇ ಇಟ್ಟು, ಕ್ಯಾನಿನ ಹತ್ತಿರ ಕೊನೆಯ ಒಂದೆರಡು ಅಡಿ ಮಾತ್ರ ಸಣ್ಣದು ಮಾಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇನ್ನು ಮೋಟಾರು ಸುಡುವ ಮಾತು. ನಿಮ್ಮ ಪರಿಚಯದವರು ಪೂರ್ತಿ ತಪ್ಪು ಹೇಳಿಲ್ಲ. ಚಕ್ರ ತಿರುಗಿಸಿ ನೀರನ್ನು ಹೊರಕ್ಕೆ ಎಸೆಯುವ ಸೆಂಟ್ರಿಫ್ಯೂಗಲ್ ಪಂಪಾದರೆ ಭಯವಿಲ್ಲ, ಹೊರಗೆ ಬಿಗಿ ಮಾಡಿದಷ್ಟೂ ಸಾಮಾನ್ಯವಾಗಿ ಮೋಟಾರಿನ ಹೊರೆ ಇಳಿಯುತ್ತದೆ. ಪೂರ್ತಿ ಮುಚ್ಚಿ ಓಡಿಸಬಾರದು ಅಷ್ಟೇ, ಒಳಗಿನ ನೀರು ಕಾಯುತ್ತದೆ. ಆದರೆ ಗೇರ್, ವೇನ್, ಡಯಾಫ್ರಂ ಪಂಪುಗಳು ಹಟಮಾರಿಗಳು. ಪ್ರತಿ ಸುತ್ತಿಗೂ ಇಷ್ಟು ನೀರು ಅಂತ ತಳ್ಳಿಯೇ ತೀರುತ್ತವೆ. ದಾರಿ ಕಿರಿದಾದರೆ ಒತ್ತಡ ಏರುತ್ತಾ ಹೋಗುತ್ತದೆ. ಅಂಥದ್ದರಲ್ಲಿ ಒತ್ತಡ ಹೆಚ್ಚಾದರೆ ನೀರನ್ನು ವಾಪಸ್ ಬಿಡುವ ಬೈಪಾಸ್ ವಾಲ್ವೋ ಮೋಟಾರು ನಿಲ್ಲಿಸುವ ಪ್ರೆಶರ್ ಸ್ವಿಚ್ಚೋ ಇದೆಯಾ ಅಂತ ಮೊದಲು ನೋಡಿ.

ಫಿಟ್ಟಿಂಗ್ ತರುವಾಗ ಎಲ್ಲರೂ ಎಡವುವುದು ಅಳತೆಯಲ್ಲಿ. ಹೋಸ್ ಪೈಪಿಗೆ ಹೇಳುವುದು ಒಳ ಅಳತೆ. ಥ್ರೆಡ್ಡಿನ ಇಂಚು ಬರೀ ಹೆಸರು. ಅರ್ಧ ಇಂಚಿನ ಬಿಎಸ್‌ಪಿ (ಬ್ರಿಟಿಷ್ ಪದ್ಧತಿಯ) ಥ್ರೆಡ್ಡಿನ ಹೊರ ಅಗಲ ಸುಮಾರು 21 ಮಿ.ಮೀ., ಒಂದು ಇಂಚಿನದು 33 ಮಿ.ಮೀ. ಸ್ಕೇಲು ಹಿಡಿದು ಅಳೆದು ‘ಇದು ಒಂದೂಕಾಲು ಇಂಚು’ ಅಂತ ತಂದರೆ ಕೂರುವುದೇ ಇಲ್ಲ. ಇನ್ನೊಂದು ಮೋಸ ಇದೆ. ಥ್ರೆಡ್ಡಿನಲ್ಲಿ ಬಿಎಸ್‌ಪಿ, ಅಮೆರಿಕದ ಎನ್‌ಪಿಟಿ ಅಂತ ಎರಡು ಜಾತಿ. ಮೊದಲನೆಯದರ ಹಲ್ಲಿನ ಕೋನ 55 ಡಿಗ್ರಿ, ಎರಡನೆಯದು 60. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಹಲ್ಲು, ಹಾಗಾಗಿ ಒಂದರೊಳಗೆ ಒಂದು ಸಲೀಸಾಗಿ ತಿರುಗಿ ಆಮೇಲೆ ಸೋರುತ್ತದೆ. ಒಂದು ಇಂಚಿನಲ್ಲಿ 11 ಮತ್ತು 11.5, ಎರಡು ಮೂರು ಸುತ್ತಿಗೆ ಸಿಕ್ಕಿಕೊಳ್ಳುತ್ತದೆ. ಆಗ ಸ್ಪ್ಯಾನರ್ ಹಾಕಿ ತಿರುಗಿಸಬೇಡಿ, ಪಂಪಿನ ಪ್ಲಾಸ್ಟಿಕ್ ಬಾಯಿ ಸೀಳುತ್ತದೆ.

ನಿಮಗೆ ಬೇಕಾದ್ದು ಎರಡೇ ಸಾಮಾನು: ಒಂದರಿಂದ ಅರ್ಧಕ್ಕೆ ಇಳಿಸುವ ರೆಡ್ಯೂಸರ್ ಬುಷ್, ಅದಕ್ಕೆ ಅರ್ಧ ಇಂಚಿನ ಹೋಸ್ ನಿಪ್ಪಲ್. ಟೆಫ್ಲಾನ್ ಟೇಪನ್ನು, ಥ್ರೆಡ್ಡಿನ ತುದಿ ನಿಮ್ಮ ಕಡೆ ಮಾಡಿ ಹಿಡಿದು, ಗಡಿಯಾರದ ಮುಳ್ಳು ತಿರುಗುವ ಕಡೆಗೇ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಪೈಪಿನ ತುದಿಯನ್ನು ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿದರೆ ನಿಪ್ಪಲ್ ಮೇಲೆ ಸುಲಭವಾಗಿ ಜಾರುತ್ತದೆ. ಆಮೇಲೆ ಕ್ಲಿಪ್ ಬಿಗಿಯಿರಿ.

ಪ್ರಶ್ನೆ: ನನ್ನ ಪಂಪಿನಲ್ಲಿ ಎಲ್ಲೂ ಒಂದು ಹನಿ ಸೋರುವುದಿಲ್ಲ. ಆದರೂ ನೀರಿನ ಜೊತೆ ಗಾಳಿ ಬರುತ್ತದೆ. ಯಾಕೆ?

ಉತ್ತರ: ಎಳೆಯುವ ಕಡೆಯ ಜಾಯಿಂಟು ಹೊರಗೆ ಸೋರುವುದಿಲ್ಲ, ಒಳಗೆ ಗಾಳಿ ಹೀರುತ್ತದೆ. ಪಂಪು ಓಡುತ್ತಿರುವಾಗ ಆ ಕಡೆಯ ಒಂದೊಂದೇ ಜಾಯಿಂಟಿಗೆ ಶೇವಿಂಗ್ ಫೋಮ್ ಹಚ್ಚಿ ನೋಡಿ. ಎಲ್ಲಿ ನೊರೆಯಲ್ಲಿ ಸಣ್ಣ ಗುಳಿ ಬಿದ್ದು ಒಳಗೆ ಹೋಗುತ್ತದೋ ಅದೇ ಕಳ್ಳ.

ಪ್ರಶ್ನೆ: ನೀರಿನ ಪಂಪಿನಲ್ಲೇ ಡೀಸೆಲ್, ಪೆಟ್ರೋಲ್ ತೆಗೆಯಬಹುದಾ?

ಉತ್ತರ: ಡೀಸೆಲ್‌ಗೆ ಒಳಗಿನ ಸೀಲ್ ಯಾವುದು ಅಂತ ನೋಡಬೇಕು. ನೈಟ್ರೈಲ್ ರಬ್ಬರಾದರೆ ತಡೆಯುತ್ತದೆ, ಇಪಿಡಿಎಂ ಅನ್ನುವ ಇನ್ನೊಂದು ರಬ್ಬರಾದರೆ ಉಬ್ಬಿ ಹಾಳಾಗುತ್ತದೆ. ಪೆಟ್ರೋಲಿಗೆ ಖಂಡಿತ ಬೇಡ. ಮಾಮೂಲಿ ಮೋಟಾರಿನ ಒಂದು ಕಿಡಿ ಸಾಕು, ಅದರ ಆವಿ ಹೊತ್ತಿಕೊಳ್ಳುತ್ತದೆ. ಪೆಟ್ರೋಲಿಗಾಗಿಯೇ ಮಾಡಿದ ಪಂಪು ಇಲ್ಲದಿದ್ದರೆ ಆ ಕೆಲಸಕ್ಕೆ ಕೈ ಹಾಕಬೇಡಿ.